ಕಿವಿ ತುರಿಕೆಗೆಲ್ಲ ಡ್ರಾಪ್ಸೇ ಮದ್ದಲ್ಲ

ನಮ್ಮ ಕಡೂರು ಕಡೆ ಮಳೆ ಬಿದ್ದರೆ ಸಾಕು, ಬೀರೂರು ರಸ್ತೆ ಪಕ್ಕ, ಖಾಲಿ ಸೈಟುಗಳಲ್ಲಿ, ಹೊಲದ ಬದುಗಳಲ್ಲಿ ಕಾಂಗ್ರೆಸ್ ಗಿಡ ಎದ್ದು ನಿಲ್ಲುತ್ತೆ. ಅದು ಮೈಗೆ ಆಗಲ್ಲ ಅಂತ ಊರಿಗೆಲ್ಲ ಗೊತ್ತು. ಆದರೆ ಕಿವಿ ತುರಿಸಿದಾಗ ಮಾತ್ರ ಅಲರ್ಜಿಯ ನೆನಪೇ ಬರಲ್ಲ. 'ನೀರು ಹೋಗಿರ್ಬೇಕು, ಇನ್‌ಫೆಕ್ಷನ್' ಅಂತ ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತರೋದು ರೂಢಿ. ಈ ರೂಢಿ ಬದಲಾಗಬೇಕು ಅನ್ನೋದು ನಮ್ಮ ವಾದ.

ಕಿವಿಯ ತೂತಿನಿಂದ ತಮಟೆಯವರೆಗೆ ಇರೋದೂ ಚರ್ಮವೇ. ಈಜಿದ ಮೇಲೆ ದಿಢೀರ್ ಅಂತ ಬರೋ ನೋವಿಗೆ ಹೆಚ್ಚಾಗಿ ಬ್ಯಾಕ್ಟೀರಿಯಾ ಕಾರಣ. ಆದರೆ ಉರಿಯೂತ 3 ತಿಂಗಳಾದರೂ ಬಿಡದಿದ್ದರೆ ಫಂಗಸ್, ಚರ್ಮದ ಕಾಯಿಲೆ ಅಥವಾ ಅಲರ್ಜಿ ಇರಬಹುದು. ಓಲೆಯ ನಿಕ್ಕಲ್, ಹೇರ್ ಡೈ, ಶಾಂಪೂ, ಇಯರ್‌ಫೋನಿನ ರಬ್ಬರ್ ಇವೆಲ್ಲ ಕೆಲವರ ಚರ್ಮಕ್ಕೆ ಆಗಲ್ಲ. ಕಾಂಗ್ರೆಸ್ ಗಿಡದ ಒಣಗಿದ ಪುಡಿ ಗಾಳಿಯಲ್ಲಿ ಬಂದು ಮುಖ, ರೆಪ್ಪೆ, ಕುತ್ತಿಗೆ, ಕಿವಿಯ ಹಿಂಭಾಗಕ್ಕೆ ಕೂತು ಅಲರ್ಜಿ ಎಬ್ಬಿಸುತ್ತೆ.

ಇನ್ನೊಂದು ಕಾರಣ ಯಾರೂ ಊಹಿಸದೇ ಇರೋದು: ಡ್ರಾಪ್ಸೇ! ಕಿವಿಯ ಹಲವು ಡ್ರಾಪ್ಸ್‌ಗಳಲ್ಲಿರೋ ನಿಯೋಮೈಸಿನ್ ಅನ್ನೋ ಆ್ಯಂಟಿಬಯಾಟಿಕ್ ಚರ್ಮದ ಅಲರ್ಜಿಗೆ ಹೆಸರುವಾಸಿ. ಹಾಕಿದಷ್ಟೂ ತುರಿಕೆ, ತುರಿಸಿದಷ್ಟೂ ಡ್ರಾಪ್ಸ್. ನಮ್ಮ ಕ್ಲಾಸಿನ ಭಾಷೆಯಲ್ಲಿ ಇದು ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್. ಕೆರೆದು ಗಾಯವಾದರೆ ಅಲ್ಲಿಗೆ ನಿಜವಾದ ಇನ್‌ಫೆಕ್ಷನ್ನೂ ಸೇರಿಕೊಳ್ಳುತ್ತೆ. ಆಗ ಇನ್‌ಫೆಕ್ಷನ್ ಇದೆ ಅನ್ನೋದು ನಿಜವಾದರೂ, ಅದರ ಹಿಂದಿರೋ ಅಲರ್ಜಿ ಹಾಗೇ ಉಳಿಯುತ್ತೆ. ತಮಟೆಯಲ್ಲಿ ತೂತಿದ್ದವರು ಡಾಕ್ಟರನ್ನು ಕೇಳದೆ ಇಂಥ ಡ್ರಾಪ್ಸ್ ಹಾಕಿಕೊಂಡರೆ ಕೇಳೋ ಶಕ್ತಿಗೇ ಕುತ್ತು ಬರಬಹುದು.

ಪತ್ತೆ ಮಾಡೋಕೆ ದಾರಿ ಇದೆ. ಚರ್ಮದ ಡಾಕ್ಟರು ಮಾಡೋ ಪ್ಯಾಚ್ ಟೆಸ್ಟ್‌ನಲ್ಲಿ ಅನುಮಾನದ ವಸ್ತುಗಳನ್ನ ಬೆನ್ನಿಗೆ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡ್ತಾರೆ. ಕಾರಣ ಸಿಕ್ಕಿದರೆ ಅದರಿಂದ ದೂರ ಇರೋದೇ ಅರ್ಧ ಮದ್ದು.

ಹಾಗಾಗಿ ಗೆಳೆಯರೇ, ಕಡ್ಡಿ, ಪಿನ್ನು, ಕಾಟನ್ ಬಡ್ಸ್ ಕಿವಿಗೆ ಹಾಕೋದು ಬಿಡೋಣ. ಹಾಸ್ಟೆಲ್ಲಿನಲ್ಲಿ ಒಬ್ಬರ ಡ್ರಾಪ್ಸ್ ಇನ್ನೊಬ್ಬರಿಗೆ ಕೊಡೋದು ಬೇಡ. ಇಎನ್‌ಟಿ ಡಾಕ್ಟರ ಹತ್ತಿರ ಹೋಗುವಾಗ ಹಾಕಿದ ಡ್ರಾಪ್ಸ್ ಬಾಟಲಿ, ಇಯರ್‌ಫೋನ್ ಎರಡನ್ನೂ ಒಯ್ಯೋಣ. 'ಯಾವ ಡ್ರಾಪ್ಸ್ ಹಾಕಲಿ?' ಅನ್ನೋದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, 'ಡಾಕ್ಟ್ರೇ, ಇದು ಅಲರ್ಜಿ ಇರಬಹುದಾ?'