ಪರಿಮಿತದೊಳಗಣ ಅನಂತ

ಎಲ್ಲೆಯುಳ್ಳ ವಿಶ್ವದೊಳಗೆ ಎಲ್ಲೆಯಿಲ್ಲದ ಅನಂತವು ಇರಬಲ್ಲುದೆ? ಕೊಡದಲ್ಲಿ ಕಡಲು ಹಿಡಿಯದೆಂಬ ಲೋಕಾನುಭವವನ್ನು ನೆಚ್ಚಿ ‘ಸಾಧ್ಯವಿಲ್ಲ’ ಎಂದುಬಿಡುವುದು ಸುಲಭ. ಆದರೆ ಆ ಉತ್ತರವು ಅರ್ಧಸತ್ಯವೆಂದೇ ನನ್ನ ಅಭಿಪ್ರಾಯ.

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯನ್ನೇ ತೆಗೆದುಕೊಳ್ಳೋಣ. ಅದಕ್ಕೆ ಮೊದಲೂ ಉಂಟು, ಕೊನೆಯೂ ಉಂಟು. ಪಯಣಿಗನು ಮೊದಲು ಅರ್ಧ ದಾರಿಯನ್ನು, ಬಳಿಕ ಉಳಿದುದರ ಅರ್ಧವನ್ನು, ಮತ್ತೆ ಉಳಿದುದರ ಅರ್ಧವನ್ನು ಕ್ರಮಿಸಬೇಕು. ಹೀಗೆ 1/2, 1/4, 1/8 ಎಂದು ಸಾಗುವ ಭಾಗಗಳಿಗೆ ಕೊನೆಯೇ ಇಲ್ಲ. ಹಾಗಾದರೆ ಅವನು ಕಮಲಾಪುರವನ್ನು ಸೇರುವುದೇ ಇಲ್ಲವೆ? ಗ್ರೀಸಿನ ತತ್ತ್ವಜ್ಞಾನಿ ಝೀನೋ ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿಯೇ ಇಂತಹ ಒಗಟನ್ನು ಮುಂದಿಟ್ಟಿದ್ದನು. ಭಾಗವು ಕಿರಿದಾದಂತೆ ಅದನ್ನು ದಾಟುವ ಕಾಲವೂ ಕಿರಿದಾಗುತ್ತದೆ. ಭಾಗಗಳೆಲ್ಲ ಕೂಡಿದ ಮೊತ್ತ 1, ಎಂದರೆ ಇಡೀ ದಾರಿ. ಪರಿಮಿತವಾದ ದಾರಿಯಲ್ಲಿ ಅನಂತ ಭಾಗಗಳು ಇಕ್ಕಟ್ಟಿಲ್ಲದೆ ಅಡಗಿವೆ.

ಇನ್ನು ಕಮಲಾಪುರದ ಹೆಸರುವಾಸಿಯಾದ ಕೆಂಪು ಬಾಳೆಹಣ್ಣನ್ನು ಇದೇ ರೀತಿ ಅರ್ಧಾರ್ಧವಾಗಿ ಕತ್ತರಿಸುವುದಾಗಿ ಊಹಿಸಿರಿ. ಸುಮಾರು 30 ಸಲ ಕತ್ತರಿಸುವಷ್ಟರಲ್ಲಿ ತುಣುಕಿನ ಉದ್ದವು ಪರಮಾಣುವಿನ ಅಳತೆಗೆ ಇಳಿದಿರುತ್ತದೆ. ಅಲ್ಲಿಗೆ ಹಣ್ಣೆಂಬ ಹೆಸರೇ ಉಳಿಯದು. ನಮಗೆ ಕಾಣಬಹುದಾದ ವಿಶ್ವದ ಪರಮಾಣುಗಳೆಲ್ಲ ಸೇರಿ, 1ರ ಮುಂದೆ 80 ಸೊನ್ನೆಗಳನ್ನಿಟ್ಟರೆ ಆಗುವ ಸಂಖ್ಯೆಯಷ್ಟೆಂದು ವಿಜ್ಞಾನಿಗಳ ಅಂದಾಜು. ಅದು ಬಹು ದೊಡ್ಡದು, ಆದರೂ ಅನಂತವಲ್ಲ.

ಈ ಭೇದವು ನಮ್ಮ ನಾಡಿಗೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಗುಣೋತ್ತರ ಶ್ರೇಢಿಗಳ ಮೊತ್ತವನ್ನು ವಿವರಿಸಿದನು. ಜೈನ ಚಿಂತಕರು ಎಣಿಕೆಯನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಪರಿಮಿತವಾದ ಲೋಕದಲ್ಲಿ ಅನಂತ ಜೀವಗಳೂ ಅನಂತ ಪರಮಾಣುಗಳೂ ನೆಲಸಿವೆಯೆಂದು ನಂಬಿದ್ದರು. ಇದಕ್ಕೆ ವಿರುದ್ಧವಾಗಿ ಜರ್ಮನಿಯ ಗಣಿತಜ್ಞ ಹಿಲ್ಬರ್ಟನು 1925ರಲ್ಲಿ, ವಾಸ್ತವ ಜಗತ್ತಿನಲ್ಲಿ ಅನಂತವು ಎಲ್ಲಿಯೂ ದೊರೆಯದೆಂದು ವಾದಿಸಿದನು.

ವಸ್ತುಗಳ ಮಟ್ಟಿಗೆ ಹಿಲ್ಬರ್ಟನ ಮಾತೇ ನನಗೆ ಸರಿಯೆಂದು ತೋರುತ್ತದೆ. ಅನಂತವು ನೆಲಸಿರುವುದು ನಿಲ್ಲದೆ ಮುಂದುವರಿಯುವ ನಿಯಮದಲ್ಲಿ, ಆ ನಿಯಮವನ್ನು ಕಾಣುವ ಬುದ್ಧಿಯಲ್ಲಿ. ಈ ವಿವೇಕವು ಬಾಳಿಗೂ ಬೇಕು. ಬಾಳೆಯ ತೋಟಕ್ಕೆ ಉಣಿಸುವ ಅಂತರ್ಜಲವು ಮಿತವಾದುದು. ಅದನ್ನು ಅನಂತವೆಂದು ಬಗೆದು ಬಳಸುವವನು ಬರಿದಾದ ಬಾವಿಯನ್ನು ಕಾಣುವನು. ಆದರೆ ಮಿತಿಯುಳ್ಳವನೆಂದು ಮನುಷ್ಯನು ಕುಗ್ಗಬೇಕಾಗಿಯೂ ಇಲ್ಲ. ಆ ದಾರಿಯ ಭಾಗಗಳನ್ನು ಜೀವಮಾನವೆಲ್ಲ ಎಣಿಸಿದರೂ ಅವನು ಮುಗಿಸಲಾರನು. ಆದರೂ ಅವುಗಳ ಮೊತ್ತ 1 ಎಂಬುದನ್ನು ಕ್ಷಣದಲ್ಲಿ ಅರಿಯಬಲ್ಲನು.