ಬ್ಲಾಕ್ ಇದೆ ಸರಿ, ಅವಸರ ಯಾಕೆ?

ಆಂಜಿಯೋಗ್ರಾಂ ಮುಗಿದ ಕೂಡಲೇ ಮನೆಯವರು ಕೇಳುವುದು ‘ಎಷ್ಟು ಪರ್ಸೆಂಟ್ ಬ್ಲಾಕ್?’ ಎಂದು. ಎಂಬತ್ತು ಎಂದರೆ ಮುಗಿಯಿತು, ಸಂಜೆಯೊಳಗೆ ದುಡ್ಡು ಹೊಂದಿಸಿ ಸ್ಟೆಂಟ್ ಹಾಕಿಸುವ ಮಾತು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಇದು ಹೃದಯಾಘಾತವೋ ಅಥವಾ ಮೆಟ್ಟಿಲು ಹತ್ತಿದರೆ ಬಂದು, ನಿಂತರೆ ಹೋಗುವ, ತಿಂಗಳುಗಳಿಂದ ಒಂದೇ ಥರ ಇರುವ ಎದೆನೋವೋ? ರಕ್ತನಾಳದ ಗೋಡೆಯಲ್ಲಿ ಕಟ್ಟಿದ ಕೊಬ್ಬೇ ಸಾಮಾನ್ಯವಾಗಿ ಎರಡಕ್ಕೂ ಮೂಲ. ಚಿಕಿತ್ಸೆಯ ಲೆಕ್ಕಾಚಾರ ಮಾತ್ರ ಪೂರಾ ಬೇರೆ. ಅವಸರ ಬೇಕಾದಲ್ಲಿ ತಡಮಾಡಿ, ಬೇಡವಾದಲ್ಲಿ ಓಡುವುದು ನಮ್ಮ ರೂಢಿಯಾಗಿಬಿಟ್ಟಿದೆ.

ಹೃದಯಾಘಾತದಲ್ಲಿ ಹೆಚ್ಚಾಗಿ ಆ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಕಟ್ಟಿಕೊಳ್ಳುತ್ತದೆ. ಹೃದಯದ ಸ್ನಾಯು ಸಾಯತೊಡಗುತ್ತದೆ. ಆಗ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ತಕರಾರಿಲ್ಲ. ದೊಡ್ಡ ಆಸ್ಪತ್ರೆ ದೂರವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದಿದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಟೆನೆಕ್ಟೆಪ್ಲೇಸ್ ಎಂಬ ಅಂಥ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ರಾಜ್ಯದಲ್ಲಿದೆ. ಆದರೆ ಬೆವರುತ್ತಾ ಎದೆ ಹಿಡಿದುಕೊಂಡವರೂ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗಿದರೆ ಯಾವ ಯೋಜನೆ ಏನು ಮಾಡೀತು!

ಸ್ಥಿರವಾದ ಎದೆನೋವಿನ ಕಥೆ ಬೇರೆ. 2007ರಲ್ಲಿ ಪ್ರಕಟವಾದ ಕರೇಜ್ ಅಧ್ಯಯನದಲ್ಲಿ 2,287 ರೋಗಿಗಳಿದ್ದರು. ಒಳ್ಳೆಯ ಔಷಧೋಪಚಾರದ ಜೊತೆಗೆ ಸ್ಟೆಂಟನ್ನೂ ಹಾಕಿಸಿಕೊಂಡವರಲ್ಲಿ ಸಾವಾಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ. ‘ಅದು ಅಮೆರಿಕದವರ ಲೆಕ್ಕ, ನಮ್ಮವರಿಗೆ ಶುಗರ್ ಜಾಸ್ತಿ’ ಎನ್ನಬಹುದು. 2020ರ ಇಸ್ಕೀಮಿಯಾ ಅಧ್ಯಯನದಲ್ಲಿ 5,179 ರೋಗಿಗಳಿದ್ದರು, ಅವರಲ್ಲಿ ಭಾರತದವರೂ ಇದ್ದರು, ಹತ್ತರಲ್ಲಿ ನಾಲ್ವರಿಗೆ ಮಧುಮೇಹವಿತ್ತು. ಅಲ್ಲೂ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದ್ದರಿಂದ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಸ್ಟೆಂಟ್ ಹಿಗ್ಗಿಸುವುದು ಒಂದು ಜಾಗವನ್ನು. ಕೊಬ್ಬಿನ ಕಾಯಿಲೆ ಇರುವುದು ನಾಳಗಳ ಉದ್ದಕ್ಕೂ. ಎಷ್ಟೋ ಸಲ ಬಿರಿಯುವುದು ಅರ್ಧದಷ್ಟೂ ಕಿರಿದಾಗದ ಜಾಗ. ಅಲ್ಲಿಗೆಲ್ಲ ತಲುಪುವುದು ಸ್ಟ್ಯಾಟಿನ್ ಮಾತ್ರೆ, ಹಿಡಿತದಲ್ಲಿರುವ ಬಿಪಿ, ಬಿಟ್ಟ ಬೀಡಿ.

ಹಾಗೆಂದು ಸ್ಟೆಂಟನ್ನು ದೂರುವುದೂ ತಪ್ಪು. ಎಡ ಮುಖ್ಯನಾಳವೇ ಕಿರಿದಾಗಿದ್ದರೆ, ಹೃದಯದ ಪಂಪಿಂಗ್ ಕುಗ್ಗಿದ್ದರೆ ಈ ಅಧ್ಯಯನಗಳ ತೀರ್ಮಾನ ಅನ್ವಯಿಸುವುದಿಲ್ಲ. ಮಾತ್ರೆಗೆ ಜಗ್ಗದ ನೋವಿಗೆ ಸ್ಟೆಂಟ್ ನಿಜಕ್ಕೂ ಆರಾಮ ಕೊಡುತ್ತದೆ. ಎದೆನೋವು ಕಡಿಮೆಯಾದದ್ದು ಇಸ್ಕೀಮಿಯಾ ಅಧ್ಯಯನದಲ್ಲೂ ಕಂಡಿತು. ನೋವು ಈಚೆಗೆ ಹೆಚ್ಚುತ್ತಿದ್ದರೆ, ಸುಮ್ಮನೆ ಕೂತಾಗಲೂ ಬರುತ್ತಿದ್ದರೆ ಅದು ಸ್ಥಿರವಾದದ್ದಲ್ಲ, ತಡಮಾಡಬಾರದು. ಇನ್ನೊಂದು ಆಕ್ಷೇಪ ವೈದ್ಯರದೇ: ‘ನಮ್ಮ ಜನ ಮಾತ್ರೆ ಬಿಟ್ಟುಬಿಡುತ್ತಾರೆ, ಸ್ಟೆಂಟಾದರೆ ಒಳಗೇ ಇರುತ್ತದೆ’. ಆದರೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಮಾತ್ರೆ ಇನ್ನೂ ಅಗತ್ಯ. ರಕ್ತ ತೆಳುವಾಗಿಸುವ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿದರೆ ಆ ಸ್ಟೆಂಟೊಳಗೇ ರಕ್ತ ಹೆಪ್ಪುಗಟ್ಟಬಹುದು. 2017ರಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿನ ಬೆಲೆಯನ್ನು 30 ಸಾವಿರ ರೂಪಾಯಿಯೊಳಕ್ಕೆ ಇಳಿಸಿತು, ಒಳ್ಳೆಯದೇ. ಆದರೆ ಸ್ಟೆಂಟ್ ಬೇಕೋ ಬೇಡವೋ ಎಂಬುದನ್ನು ಬೆಲೆಪಟ್ಟಿ ಹೇಳುವುದಿಲ್ಲ. ಸ್ಥಿರವಾದ ನೋವಿದ್ದವರು ರಿಪೋರ್ಟ್ ಹಿಡಿದು ಇನ್ನೊಬ್ಬ ಹೃದ್ರೋಗ ತಜ್ಞರನ್ನು ಕೇಳಲು ಒಂದು ವಾರ ತೆಗೆದುಕೊಂಡರೆ, ಸಾಮಾನ್ಯವಾಗಿ ಕಳೆದುಕೊಳ್ಳುವುದೇನೂ ಇರುವುದಿಲ್ಲ.