ಹಡಗಿನ ಭೋಜನಶಾಲೆಯ ಮರ್ಯಾದೆ

ವಿಹಾರದ ಹಡಗಿನ ಭೋಜನಶಾಲೆಯಲ್ಲಿ ಇಂಥ ಉಡುಪೇ ಆಗಬೇಕೆಂಬ ಕಟ್ಟಳೆ ಯಾತಕ್ಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಕೇಳುವದುಂಟು. 2004ರಿಂದ ಸಂಚರಿಸುತ್ತಿರುವ ‘ಕ್ವೀನ್ ಮೇರಿ 2’ ಹಡಗಿನಲ್ಲಿ ಔತಣದ ರಾತ್ರಿಗಳಂದು ಗಂಡಸರು ಕಪ್ಪು ಸೂಟನ್ನೂ ಹೆಂಗಸರು ನೀಳವಾದ ನಿಲುವಂಗಿಯನ್ನೂ ಧರಿಸುವದು ವಾಡಿಕೆ. ಆಯಾ ದೇಶದ ಔತಣದ ಉಡುಪಿಗೂ ಸಮ್ಮತಿಯುಂಟು. ಆದುದರಿಂದ ನಮ್ಮವರು ರೇಶ್ಮೆ ಸೀರೆಯುಟ್ಟು ಸಂಕೋಚವಿಲ್ಲದೆ ಕುಳಿತುಕೊಳ್ಳಬಹುದು. ಅಲಂಕಾರ ಬೇಡವೆನ್ನುವವರಿಗೆ ಬೇರೆ ಉಪಾಹಾರಶಾಲೆಯಿದೆ.

ಮುಂಚಿತವಾಗಿ ತಿಳಿಸಿದ ನಿಯಮವನ್ನು ಪಾಲಿಸುವದು ಜೊತೆಯಲ್ಲಿ ಉಣ್ಣುವವರಿಗೆ ತೋರಿಸುವ ಗೌರವವೆಂದೇ ನನ್ನ ಅಭಿಪ್ರಾಯ. ಆದರೆ ಚೆನ್ನಾಗಿ ಉಟ್ಟು, ಬಡಿಸುವವನನ್ನು ಚಿಟಿಕೆ ಹೊಡೆದು ಕರೆಯುವವಳಿಗೆ ಮರ್ಯಾದೆ ತಿಳಿದಿದೆಯೆನ್ನಲಾದೀತೇ? ಇಂಥ ಹಡಗುಗಳಲ್ಲಿ ಬಡಿಸುವವರಲ್ಲಿ ಅನೇಕರು ನಮ್ಮ ದೇಶದವರೇ. ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರು. ಮನೆಯಲ್ಲಿ ನೀರು ತಂದಿತ್ತವರಿಗೆ ಉಪಕಾರ ಹೇಳದ ಮಗಳು ಹಡಗಿನಲ್ಲಿ ಹೇಳುವಳೇ? ತಾಯ್ತಂದೆಗಳು ಈ ಪಾಠವನ್ನು ಮನೆಯ ಪಂಕ್ತಿಯಲ್ಲೇ ಆರಂಭಿಸತಕ್ಕದ್ದು.